ವಿಭೂತಿ ಹಚ್ಚಿದ ಕ್ಯಾಸೆಟ್ಟು, ಹೊಸ ಡಿಸ್ಕು

ಅವ್ವನ ದನಿ ಎಂದು ನನ್ನ ತಲೆಯಲ್ಲಿ ಉಳಿದಿದ್ದದ್ದು ಒಂದೇ. ಅಪ್ಪ ಭಜನೆಯ ಪದ ಹಾಡುತ್ತಾನೆ, ಗಂಡಸರು ಪಲ್ಲವಿ ಎತ್ತಿಕೊಳ್ಳುತ್ತಾರೆ, ಅವರ ಹಿಂದೆ ಅಡುಗೆಮನೆಯ ಹೊಸ್ತಿಲ ಕಡೆಯಿಂದ ಒಂದು ಹೆಣ್ಣುದನಿ ತುಸು ತಡವಾಗಿ ಬಂದು ಸೇರುತ್ತದೆ. ಅಷ್ಟೇ. ಅವಳು ಬೈದದ್ದು, ಊಟಕ್ಕೆ ಕರೆದದ್ದು, ಏನೂ ನೆನಪಿಲ್ಲ. ಆ ಪದವನ್ನು ತುಕ್ಕಾನಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದರು. ಅದೇ ವರ್ಷ ಅವ್ವ ತೀರಿಕೊಂಡಳು. ನಾನಿನ್ನೂ ಚಿಕ್ಕವನು.

ಅಪ್ಪ ಹೋದ ಮೇಲೆ ಅಣ್ಣ ಆ ಕ್ಯಾಸೆಟ್ಟನ್ನು ಗೋಕಾಕಿನ ಒಂದು ಅಂಗಡಿಯಲ್ಲಿ ಸೀಡಿ ಮಾಡಿಸಿದ. ಪ್ರತಿ ವರ್ಷ ಅಪ್ಪನ ಪುಣ್ಯತಿಥಿಗೆ ಅದನ್ನೇ ಹಾರ್ನ್ ಹಚ್ಚಿ ಊರಿಗೆಲ್ಲ ಕೇಳಿಸುತ್ತಾನೆ. ಅಂಥ ಒಂದು ಪುಣ್ಯತಿಥಿಯಲ್ಲಿ ನಾನು, "ಅವ್ವನ ದನಿ ಬಂತ ನೋಡ," ಅಂದೆ.

ಅಣ್ಣ ನನ್ನ ಮುಖ ನೋಡಿದ. "ಅವ್ವ ಎಲ್ಲಿ ಹಾಡ್ಯಾಳ? ಉಸರಾಡಾಕ ಆಗತಿರಲಿಲ್ಲ ಆಕಿಗೆ. ಭಾಳ ಸಾಲಿ ಕಲ್ತ ನಿಂದ ತಲಿ ಕೆಟ್ಟೈತಿ."

ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು ನಾನು. ಯಾರಾದರೂ ಖಚಿತವಾಗಿ ಏನಾದರೂ ಹೇಳಿದರೆ ನಂಬುವುದಿಲ್ಲ. ನನ್ನನ್ನು ಅದಕ್ಕಿಂತ ಕಡಿಮೆ ನಂಬುತ್ತೇನೆ. ಅಣ್ಣ ನನಗಿಂತ ದೊಡ್ಡವನು, ಅವನಿಗೆ ಹೆಚ್ಚು ನೆನಪಿರಬೇಕು. ಅವನು ಹೇಳಿದ್ದು ಖರೆಯಾದರೆ, ಇಷ್ಟು ವರ್ಷ ಅವ್ವ ಎಂದು ನಾನು ಹೊತ್ತು ತಿರುಗಿದ ದನಿ ಬೇರೆ ಯಾರದೋ. ಮನೆಗೆ ಬಂದು ಸೀಡಿಯನ್ನು ಮತ್ತೆ ಮತ್ತೆ ಕೇಳಿದೆ. ಆ ದನಿ ಇತ್ತು, ಆದರೆ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿತ್ತು. ಯಾರದಾದರೂ ಆಗಬಹುದಿತ್ತು.

ನನ್ನ ಜೊತೆ ಓದಿದ ಗೆಳೆಯನೊಬ್ಬ ಹುಕ್ಕೇರಿಯಲ್ಲಿದ್ದಾನೆ. ಎಲೆಕ್ಟ್ರಾನಿಕ್ಸ್ ಪಾಠ ಹೇಳುವುದು ಕೆಲಸ, ಹಾಡು ಕೇಳುವ ಯಂತ್ರಗಳನ್ನು ಕೂಡಿಹಾಕುವುದು ಹುಚ್ಚು. ಸೂಪರ್ ಆಡಿಯೋ ಸೀಡಿ, ಡಿವಿಡಿ-ಆಡಿಯೋ ಎರಡೂ ಓಡುವ ಒಂದು ಪ್ಲೇಯರನ್ನು ಕೊಲ್ಹಾಪುರದಲ್ಲಿ ಯಾರಿಂದಲೋ ಹಳೆಯದಾಗಿ ತಂದಿದ್ದ. ಮೂಲ ಕ್ಯಾಸೆಟ್ಟು ತಂದರೆ ಒಳ್ಳೆಯ ಡಿಸ್ಕಿಗೆ ಇಳಿಸಿಕೊಡುತ್ತೇನೆ ಅಂದ.

ಕ್ಯಾಸೆಟ್ಟು ಊರಲ್ಲಿ ದೇವರ ಜಗಲಿಯ ಮೇಲಿತ್ತು, ಲಿಂಗದ ಜೊತೆಗೆ. ಸೀಡಿಯಾದ ಮೇಲೆ ಅಣ್ಣ ಅದನ್ನು ಅಲ್ಲಿಟ್ಟು ದಿನಾ ಪೂಜೆ ಮಾಡುತ್ತಿದ್ದ. ಲಿಂಗಕ್ಕೆ ಹಚ್ಚಿದ ಕೈಯಲ್ಲೇ ಅದಕ್ಕೂ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ. ನಾನು ಒಯ್ಯುತ್ತೇನೆ ಅಂದಾಗ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. "ಅಪ್ಪನ್ನ ಒಯ್ಯಾಕತ್ತಿ, ಹುಷಾರು," ಅಂದ.

ಗೆಳೆಯ ಸ್ಕ್ರೂ ಬಿಚ್ಚಿ ತೆರೆದರೆ ಮೇಜಿನ ಮೇಲೆ ಬಿಳಿ ಪುಡಿ ಉದುರಿತು. ವಿಭೂತಿ ಟೇಪಿನ ಸುತ್ತುಗಳ ನಡುವೆ ಇಳಿದಿತ್ತು.

"ಲೇ, ನಿಮ್ಮಣ್ಣ ಪೂಜಿ ಮಾಡಿ ಮಾಡಿ ನಿಮ್ಮಪ್ಪನ ಗಂಟಲದಾಗ ಬೂದಿ ತುಂಬ್ಯಾನಲ್ಲೋ!"

ಅವನು ನಕ್ಕ. ನನಗೂ ನಗು ಬಂತು. ಮೆತ್ತನೆ ಬಟ್ಟೆಯಲ್ಲಿ ಟೇಪು ಒರೆಸುತ್ತ ಕೂತೆವು. ಕೆಲವು ಕಡೆ ಮೇಲಿನ ಲೇಪವೇ ಕೆರೆದು ಹೋಗಿತ್ತು.

ಒರೆಸುವಾಗ ಅವನು ತನ್ನ ಡಿಸ್ಕಿನ ಪುರಾಣ ತೆಗೆದ. ಸೀಡಿಯು ಒಂದು ಸೆಕೆಂಡಿನ ಸದ್ದನ್ನು ನಲವತ್ನಾಲ್ಕು ಸಾವಿರದ ನೂರು ಸಲ ಅಳೆಯುತ್ತದೆ. ಅವನು ಬರೆಯಲಿರುವ ಡಿವಿಡಿ-ಆಡಿಯೋ ತೊಂಬತ್ತಾರು ಸಾವಿರ ಸಲ. ಸೀಡಿಯ ಅಳತೆಗೋಲಿನಲ್ಲಿ ಅರವತ್ತೈದು ಸಾವಿರ ಚಿಲ್ಲರೆ ಗೆರೆ, ಇದರಲ್ಲಿ ಒಂದೂವರೆ ಕೋಟಿಗೂ ಮೇಲೆ. ದೊಡ್ಡ ಸದ್ದಿಗೆ ಅದರಿಂದ ಅಂಥ ಫರಕು ಇಲ್ಲ, ಸಣ್ಣ ಸದ್ದು ಮಾತ್ರ ಗೆರೆಗಳ ನಡುವೆ ಬಿದ್ದು ಕಳೆದುಹೋಗುವುದಿಲ್ಲ. ಸೂಪರ್ ಆಡಿಯೋ ಸೀಡಿಯ ದಾರಿಯೇ ಬೇರೆ: ಅಲ್ಲಿ ಒಂದೇ ಬಿಟ್ಟು, ಏರಿತೋ ಇಳಿಯಿತೋ ಎಂಬುದಷ್ಟೇ ಲೆಕ್ಕ, ಆದರೆ ಸೆಕೆಂಡಿಗೆ ಇಪ್ಪತ್ತೆಂಟು ಲಕ್ಷ ಸಲ. ಅದನ್ನು ಮನೆಯಲ್ಲಿ ಬರೆಯಲು ಬರುವುದಿಲ್ಲ, ಇದನ್ನು ಬರೆಯಬಹುದು.

"ಸೀಡಿನ ಇಪ್ಪತ್ತು ಸಾವಿರ ಕಂಪನದ ತನಕ ಹಿಡೀತೈತಿ," ಅಂದೆ ನಾನು. "ಅದರ ಮ್ಯಾಲ ಮನಷ್ಯಾಗ ಕೇಳಂಗಿಲ್ಲ. ನಮ್ಮ ವಯಸ್ಸಿಗೆ ಅದರ ಅರ್ಧಾನೂ ಡೌಟ. ನಾಯಿಗೋಳಿಗೆ ಭಜನಿ ಕೇಳಸ್ತಿಯೇನ?"

"ಕೇಳ್ಲಿ ಬಿಡ, ಅವಾದ್ರೂ ನಿನ್ನಂಗ ವಾದಾ ಹಾಕಂಗಿಲ್ಲ."

"ಮತ್ತ ಈ ಟೇಪಿನ ಸುಂಯ್ ಅನ್ನೂ ಸಪ್ಪಳನ ಸೀಡಿ ಗೆರಿಗಿಂತ ದೊಡ್ಡದೈತಿ. ಟೇಪಿನ್ಯಾಗ ಇಲ್ಲದ್ದು ಡಿಸ್ಕಿನ್ಯಾಗ ಎಲ್ಲಿಂದ ಬರತೈತಿ?"

"ಹಂಗಾರ ಯಾಕ ಬಂದಿ?"

ನಾನು ಬಟ್ಟೆ ತಿರುವಿ ಮುಂದಿನ ಸುತ್ತು ಒರೆಸತೊಡಗಿದೆ.

ಡಿಸ್ಕು ತಯಾರಾದ ಮೇಲೆ ಮೂಡಲಗಿಯಿಂದ ಚಿಗವ್ವನನ್ನು ಅವನ ಮನೆಗೆ ಕರೆದುಕೊಂಡು ಹೋದೆ. ಚಿಗವ್ವ ಎಂದರೆ ಅವ್ವನ ತಂಗಿ. ಹಾಡು ಹಿಡಿದ ದಿನ ನಮ್ಮ ಮನೆಯಲ್ಲಿದ್ದವರಲ್ಲಿ ಇನ್ನೂ ಬದುಕಿರುವ ಹೆಂಗಸು ಅವಳೊಬ್ಬಳೇ. ದಾರಿಯಲ್ಲಿ ನಾನೇನೂ ಹೇಳಲಿಲ್ಲ. ಸಾಕ್ಷಿಗೆ ಮೊದಲೇ ಉತ್ತರ ಕೊಡಬಾರದು ಎಂಬ ಲೆಕ್ಕ ನನ್ನದು.

ಹಾಡು ಶುರುವಾಯಿತು. ಖರೆ ಹೇಳಬೇಕೆಂದರೆ ನಾನು ಬೆಚ್ಚಿದೆ. ತಾಳಕ್ಕೆ ತಾಳ ತಾಗಿದ ಮೇಲಿನ ನಡುಕ, ಹಾರ್ಮೋನಿಯಂ ಪೇಟಿಯ ತಿದಿ ಉಸಿರೆಳೆದದ್ದು, ಎಲ್ಲ ಪಕ್ಕದ ಕೋಣೆಯಲ್ಲಿ ನಡೆದ ಹಾಗೆ. ನಡುನಡುವೆ ವಿಭೂತಿ ಕೆರೆದಲ್ಲಿ ಚಟ್ ಚಟ್ ಎನ್ನುತ್ತಿತ್ತು. ಪಲ್ಲವಿ ಬಂತು. ಹೊಸ್ತಿಲ ಕಡೆಯ ದನಿ ಬಂತು, ಡಬ್ಬಿಯಿಂದ ಹೊರಗೆ ಬಂದು ನಿಂತಿತ್ತು.

ಚಿಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಯ್ಯ ನಮ್ಮವ್ವ! ಇದು ನಂದ. ಎಷ್ಟ ಎಳೀ ದನಿ ಇತ್ತಲ್ಲ ನಂದು!"

"ಅವ್ವಂದಲ್ಲೇನ?"

"ಆಕಿ ಒಳಗ ಮಲಗಿದ್ಲೋ ತಮ್ಮಾ. ಏಳಾಕ ಆಗತಿರಲಿಲ್ಲ. ಅದಕ್ಕ ನಾ ಬಂದಿದ್ದೆ, ನಿಮ್ಮನ್ನ ನೋಡಾಕ."

ಗೆಳೆಯ ಎದ್ದು ನೀರು ತರಲು ಹೋದ. ಹಾಡು ನಡೆದೇ ಇತ್ತು. ಎರಡನೆಯ ನುಡಿಯ ನಡುವೆ ಏನೋ ಒಂದು ಗೊರಗೊರ ಸದ್ದು ಬಂದಾಗ ಚಿಗವ್ವ ನನ್ನ ಮೊಣಕೈ ಹಿಡಿದಳು.

"ಇದು. ಇದು ಆಕಿದು. ಕೆಮ್ಮು."

ಮತ್ತೆ ಹಚ್ಚಿದೆ. ಕೆಮ್ಮೂ ಆಗಬಹುದು, ಟೇಪು ಕೆರೆದದ್ದೂ ಆಗಬಹುದು. ನಾನು ಹಾಗೇ ಹೇಳಿದೆ.

"ನೀ ಕೆಮ್ಮ ಯಾಕ ಕೇಳ್ತಿ? ನಿಮ್ಮಪ್ಪನ್ನ ಕೇಳ," ಅಂದಳು.

ಕೇಳಿದೆ. ಆ ಸದ್ದಾದ ಕೂಡಲೇ ಅಪ್ಪ ನಿಂತ. ತಾಳ ನಡೆದೇ ಇದೆ, ಪೇಟಿ ನಡೆದೇ ಇದೆ, ಅಪ್ಪನ ದನಿ ಮಾತ್ರ ಇಲ್ಲ. ಒಂದು ಪೂರಾ ಸುತ್ತು ಹಾಗೆಯೇ ಹೋಗುತ್ತದೆ. ಆಮೇಲೆ ಬಿಟ್ಟ ಮಾತಿನಿಂದಲೇ ಹಿಡಿಯುತ್ತಾನೆ, ಆದರೆ ತಗ್ಗಿಸಿದ ದನಿಯಲ್ಲಿ. ಹಾಡುವಾಗ ಮಳೆ ಬಂದರೂ ನಿಲ್ಲದ ಮನುಷ್ಯ ಎಂದು ಅಪ್ಪನ ಬಗ್ಗೆ ಹೇಳಿಕೊಂಡು ಬಂದವನು ನಾನು. ಅದೂ ಸೀಡಿಯಿಂದ ಕಲಿತ ನೆನಪೇ ಇರಬೇಕು; ಸೀಡಿಯಲ್ಲಿ ಅಪ್ಪ ನಿಲ್ಲುವುದೇ ಇಲ್ಲ.

ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಮುಚ್ಚಿಡಲಿಲ್ಲ. "ಹೂಂ, ನಾನ ತೆಗಸೀನಿ. ಹಾರ್ನಿನ್ಯಾಗ ಕೆಮ್ಮು, ಖರಖರ ಬಂದ್ರ ಮಂದಿ ನಗಂಗಿಲ್ಲ? ಅಪ್ಪ ಪದಾ ಮರತ ನಿಂತಾನ ಅಂತಾರ. ಅಂಗಡ್ಯಾಂವಗ ಹೇಳಿ ಅಷ್ಟ ಕಡಿಸಿದೆ."

ಗೆಳೆಯನ ಡಿಸ್ಕಿನಿಂದಲೇ ಒಂದು ಸಾದಾ ಸೀಡಿ ಬರೆಸಿ ನೋಡಿದೆ. ಅದರಲ್ಲೂ ಕೆಮ್ಮು ಇತ್ತು, ಅಪ್ಪ ನಿಂತದ್ದೂ ಇತ್ತು. ತಾಳದ ನಡುಕ ತುಸು ಮಂಕಾಗಿತ್ತೋ ಏನೋ, ಪ್ರಮಾಣ ಮಾಡಿ ಹೇಳಲಾರೆ. ನಾನು ವಾದ ಗೆದ್ದಿದ್ದೆ. ಗೆಳೆಯನಿಗೆ ಹೇಳಲಿಲ್ಲ.

ಈ ಸಲದ ಪುಣ್ಯತಿಥಿಗೂ ಅಣ್ಣ ಹಳೆಯ ಸೀಡಿಯನ್ನೇ ಹಚ್ಚಿದ. ಕ್ಯಾಸೆಟ್ಟು ಮತ್ತೆ ಜಗಲಿಗೆ ಸೇರಿತ್ತು, ವಿಭೂತಿ ಹೊಸದಾಗಿತ್ತು. ನಾನು ಅಂಗಳದಲ್ಲಿ ಕೂತಿದ್ದೆ. ಎರಡನೆಯ ನುಡಿ ಬಂತು. ಅಪ್ಪ ನಿಲ್ಲದೆ ಮುಂದೆ ಹೋದ.

ಪಂಕ್ತಿ ಕೂತಿತ್ತು. ಒಳಗಿನಿಂದ ಚಿಗವ್ವ ಕೂಗಿದಳು: "ಊಟಕ್ಕ ಬಾರೋ ತಮ್ಮಾ."

ಮುದಿಯಾಗಿದ್ದರೂ ಅದೇ ದನಿ. ನಾನು ಕೂಡಲೇ ಏಳಲಿಲ್ಲ. ಅವಳು ಇನ್ನೊಮ್ಮೆ ಕರೆದಳು.