ಅವ್ವ ಮಲಗಿ ಕೇಳಿದ ಬೇಸಿಗೆ

ನಾವು ಚಿಕ್ಕವರಿದ್ದಾಗ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ನೆರಳೇ ಆಟದ ಬಯಲು. ಗೋಡೆಯ ನೆರಳು ಎತ್ತ ಸರಿಯಿತೋ ಅತ್ತ ನಮ್ಮ ಕುಂಟಬಿಲ್ಲೆಯ ಗೆರೆಗಳೂ ಸರಿಯುತ್ತಿದ್ದವು. ಮಧ್ಯಾಹ್ನ ನೆರಳು ಗೋಡೆಯೊಳಗೇ ಇಂಗಿಹೋದಾಗ ಆಟ ಮುಗಿದು, ಎಲ್ಲರ ಮನೆಯಿಂದಲೂ ‘ಒಳಗ ಬರ್ರಿ’ ಎಂಬ ಕೂಗು ಏಳುತ್ತಿತ್ತು. ಆ ಸೀಮೆಯ ಏಪ್ರಿಲ್ ಕಂಡವರಿಗೆ ಬೇರೆ ಹೇಳಬೇಕಿಲ್ಲ. ಬರಿಗಾಲಲ್ಲಿ ರಸ್ತೆ ದಾಟಿದವರಿಗಂತೂ ಹೇಳಲೇಬೇಕಿಲ್ಲ.

ನಾನು ಆರನೇ ತರಗತಿ ಮುಗಿಸಿದ ಬೇಸಿಗೆ ಅದು. ನಮ್ಮೂರು ಸಿರುಗುಪ್ಪದ ಹತ್ತಿರದ ಹಚ್ಚೊಳ್ಳಿ. ಆದರೆ ಆ ವರ್ಷ ನಾನೂ ಅವ್ವನೂ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಅವ್ವನ ತಮ್ಮ ಶರಣಪ್ಪ ಮಾಮನ ಮನೆಯಲ್ಲಿದ್ದೆವು. ಅವ್ವ ಬಸುರಿ. ನಾನು ಹುಟ್ಟಿದ ಮೇಲೆ ಎರಡು ಸಲ ಅವಳಿಗೆ ಕೂಸು ನಿಂತು, ದಿನ ತುಂಬುವ ಮೊದಲೇ ಹೋಗಿತ್ತು. ಈ ಸಲ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಹೆರಿಗೆಯಾಗುವ ತನಕ ಮಲಗಿಯೇ ಇರಬೇಕು, ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಏಳಕೂಡದು. ಏನಾದರೂ ಆದರೆ ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಕರೆತರುವುದು ಹೇಗೆ? ಅಪ್ಪ ಬೇಸಿಗೆ ಭತ್ತದ ಕೊಯ್ಲಿಗೆಂದು ಊರಲ್ಲೇ ಉಳಿದ. ನಮ್ಮಿಬ್ಬರನ್ನು ಮಾಮನ ಮನೆಗೆ ಬಿಟ್ಟು ಹೋದ.

ಅವ್ವನನ್ನು ಮಲಗಿಸುವುದೆಂದರೆ ಓಡುವ ನೀರಿಗೆ ನಿಲ್ಲು ಅಂದ ಹಾಗೆ. ಊರಲ್ಲಿ ಅವಳು ಕೂತು ಉಂಡದ್ದನ್ನೂ ನಾನು ನೋಡಿರಲಿಲ್ಲ. ರೊಟ್ಟಿ ತಟ್ಟುತ್ತ ಉಣ್ಣುತ್ತಿದ್ದಳು, ಎಮ್ಮೆಗೆ ನೀರಿಡುತ್ತ ಮಾತಾಡುತ್ತಿದ್ದಳು. ಇಲ್ಲಿ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಮಂಚದ ಮೇಲೆ, ಬಿಸಿಗಾಳಿಯನ್ನೇ ತಿರುವಿ ಹಾಕುವ ಫ್ಯಾನಿನ ಕೆಳಗೆ ಅವಳನ್ನು ಮಲಗಿಸಿದ್ದರು. ಅವಳು ಆ ಮಗ್ಗುಲಿಗೆ ಹೊರಳುವಳು, ಈ ಮಗ್ಗುಲಿಗೆ ಹೊರಳುವಳು, ಸೆರಗಿನ ಅಂಚು ಸುತ್ತುವಳು, ಬಿಚ್ಚುವಳು. ಬೆಳಿಗ್ಗೆ ಯಾರೂ ಏಳುವ ಮೊದಲೇ ಅಂಗಳದಲ್ಲಿ ಪೊರಕೆಯ ಸದ್ದು. ಮಾಮನ ಹೆಂಡತಿ ಲಕ್ಷ್ಮತ್ತೆ ಓಡಿಬಂದಳು. ಅತ್ತೆ ಆದೋನಿ ಕಡೆಯವಳು. ಕನ್ನಡದಲ್ಲೇ ಬೈದರೂ ಗಂಡನ ಅಕ್ಕನನ್ನು ಕರೆಯುವುದು ಮಾತ್ರ ತೆಲುಗಿನಲ್ಲಿ.

“ವದಿನಾ, ಪೊರಕಿ ಇಡ್ರಿ ಕೆಳಗ!”

“ಕಸ ಹಂಗಽ ಬಿದ್ದೈತಿ. ನನ್ನ ಕೈ ಸುಮ್ನಿರಂಗಿಲ್ಲ ಲಕ್ಷ್ಮೀ.”

“ಕೈ ಸುಮ್ನಿರದಿದ್ರ ನಡೀತೈತಿ, ಸೊಂಟ ಸುಮ್ನಿರ್ಬೇಕು. ಶೇಂಗಾ ಕೊಡ್ತೀನಿ, ಮಲಕೊಂಡು ಸುಲೀರಿ.”

ಅವ್ವ ಮನೆಯಲ್ಲಿದ್ದ ಶೇಂಗಾ ಎಲ್ಲ ಸುಲಿದು ಮುಗಿಸಿದಳು. ಪುಂಡಿಸೊಪ್ಪು ಬಿಡಿಸಿದಳು. ಆಮೇಲೆ ಮತ್ತೆ ಎದ್ದಳು. ಒಂದು ದಿನ ಬಚ್ಚಲಿಂದ ಬಂದವಳ ಮುಖ ಬಿಳಿಚಿಕೊಂಡಿತ್ತು. ರಕ್ತ ಕಾಣಿಸಿಕೊಂಡಿತ್ತು. ಆಟೋದಲ್ಲಿ ಅವಸರದಿಂದ ಕರೆದೊಯ್ದರು, ಡಾಕ್ಟರಮ್ಮ ಬೈದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆ ಮಾಮ ತನ್ನ ಲೈಬ್ರರಿ ಕಾರ್ಡನ್ನು ನನ್ನ ಕೈಗಿಟ್ಟ.

“ನಿನಗೂ ಕಾಲು ನಿಲ್ಲಂಗಿಲ್ಲ, ಆಕಿಗೂ ನಿಲ್ಲಂಗಿಲ್ಲ. ನೀ ಓಡಿ ಹೋಗಿ ಪುಸ್ತಕ ತಾ, ಆಕಿ ಮಲಕೊಂಡು ಕೇಳ್ಲಿ.”

ಲೈಬ್ರರಿ ನಾಲ್ಕು ಓಣಿ ಆಚೆಗಿತ್ತು. ದಪ್ಪ ಕಲ್ಲಿನ ಗೋಡೆ, ಎತ್ತರದ ಬಾಗಿಲು. ಒಳಗೆ ಹೆಜ್ಜೆಯಿಟ್ಟರೆ ನುಸಿಗುಳಿಗೆ ಮತ್ತು ಹಳೆಯ ಅಂಟಿನ ವಾಸನೆ. ಅಲ್ಲಿನ ಸರ್ ಪೇಪರಿನಿಂದ ಕಣ್ಣೆತ್ತದೆ ಬೆರಳು ತೋರಿಸಿದರು. “ಕತಿ ಆ ಕಡಿ, ಪದ್ಯ ಈ ಕಡಿ, ದೊಡ್ಡೋರವು ಮ್ಯಾಲೆ. ಸಣ್ಣಮಕ್ಕಳವು ಕಿಟಕಿ ಕೆಳಗ.” ನಾನು ಕಿಟಕಿಯ ಕೆಳಗೆ ಕೂತೆ. ಒಂದನ್ನು ತೆಗೆದರೆ ಇನ್ನೊಂದು ಚೆನ್ನಾಗಿ ಕಾಣುತ್ತಿತ್ತು, ಅದನ್ನು ತೆಗೆದರೆ ಮೊದಲಿನದೇ ವಾಸಿ ಅನ್ನಿಸುತ್ತಿತ್ತು. ಕೊನೆಗೆ ಚಿತ್ರ ನೋಡಿ, ರೆಕ್ಕೆಯ ಕುದುರೆಯಿದ್ದ ಪುಸ್ತಕ ಹಿಡಿದು ಓಡಿದೆ.

ಕುದುರೆ ಮೋಡಗಳ ಮೇಲೆ ಹಾರಿ, ಮಾತಾಡುವ ಕೊಳವನ್ನು ದಾಟಿ, ರಾಜಕುಮಾರಿಯನ್ನು ಬಿಡಿಸಲು ಹೊರಟಿತ್ತು. ಅವ್ವ ಕೇಳುತ್ತ ಕೇಳುತ್ತ ತಡೆದಳು.

“ಅಷ್ಟು ಹಾರೋ ಕುದುರಿಗೆ ಹುಲ್ಲು ಯಾರು ಹಾಕ್ತಾರಲೇ?”

“ಅದು ಮಾಯದ ಕುದುರಿ ಅವ್ವಾ.”

“ಮಾಯದ್ದಾದ್ರೂ ಹೊಟ್ಟಿ ಇರತೈತಿಲ್ಲ?”

ಅತ್ತೆ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಬಾಗಿಲಲ್ಲಿ ಕೂತಳು. ಪ್ರಶ್ನೆ ಕೇಳುವಷ್ಟು ಹೊತ್ತು ಅವ್ವ ಅಲುಗಾಡುತ್ತಿರಲಿಲ್ಲ ಎಂಬುದನ್ನು ನಾವಿಬ್ಬರೂ ಗಮನಿಸಿದೆವು. ಹೀಗೆ ಕೆಲವು ದಿನ ನಡೆಯಿತು. ಆಮೇಲೆ ಅವ್ವ ಮತ್ತೆ ಏಳಲು ಮಂಚದ ಅಂಚು ಹಿಡಿಯತೊಡಗಿದಳು. “ಇದ್ರಾಗ ಯಾರಿಗೂ ಸೊಂಟ ನೋಯಂಗಿಲ್ಲ, ಯಾರೂ ಮುಸುರಿ ತಿಕ್ಕಂಗಿಲ್ಲ. ನಮ್ಮಂಥೋರ ಕತಿ ಸಿಕ್ರ ತಾ.”

ಕತೆಯ ಕಪಾಟಿನಲ್ಲಿ ನನಗೆ ತಿಳಿದವು ಯಾವುವೂ ಇರಲಿಲ್ಲ. ಮೊದಲ ಪುಟದಲ್ಲೇ ಒಬ್ಬ ಸೊಸೆ ಬಾವಿಯಿಂದ ನೀರು ಸೇದುತ್ತಿದ್ದ ಕಾದಂಬರಿಯನ್ನು ಆರಿಸಿದೆ. ಅದನ್ನು ಬರೆದವಳು ಹೆಂಗಸು. ಆ ಪುಸ್ತಕ ಬಂದ ಮೇಲೆ ಮನೆಯ ವೇಳೆಯೇ ಬದಲಾಯಿತು. ಅತ್ತೆ ಅಡುಗೆಯನ್ನು ಬೇಗ ಮುಗಿಸುತ್ತಿದ್ದಳು. ಕತೆಯಲ್ಲಿನ ಅತ್ತೆ ಸೊಸೆಯ ಊಟದ ತಟ್ಟೆ ಎಳೆದುಕೊಂಡ ದಿನ ಅವ್ವ ಸಿಟ್ಟಿನಿಂದ ಎದ್ದೇ ಕೂತಳು. “ಆಕಿ ಕೈ ಸೇದಿಹೋಗ!” ಎಂದು ಶಾಪ ಹಾಕಿದಳು. ಮಲಗಿಸಲು ಲಕ್ಷ್ಮತ್ತೆ ಅವಳ ಹೆಗಲು ಒತ್ತಿ ಹಿಡಿಯಬೇಕಾಯಿತು. ಕತೆಯ ಸೊಸೆ ಬಸುರಾದಳು. ಅವ್ವ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ನನಗೆ ತಡೆಯಲಾಗದೆ ಒಂದು ಬೆಳಿಗ್ಗೆ ನೀರಿನ ತೊಟ್ಟಿಯ ಹಿಂದೆ ಕೂತು ಮುಂದಿನ ಭಾಗವನ್ನು ಒಬ್ಬಳೇ ಓದಿದೆ. ಸೊಸೆಗೆ ಹುಟ್ಟಿದ ಕೂಸು ಅಳಲೇ ಇಲ್ಲ.

ಅಂದು ಮಧ್ಯಾಹ್ನ ಅತ್ತೆಯೂ ಅವ್ವನೂ ಕಾದರು. ನಾನು ಗಂಟಲು ನೋವೆಂದೆ. ಮರುದಿನವೂ ಅದನ್ನೇ ಹೇಳಿದೆ. ಅತ್ತೆ ಬಿಸಿಹಾಲಿಗೆ ಅರಿಶಿನ ಹಾಕಿ ಕುಡಿಸಿದಳು. ಅವ್ವ ನನ್ನ ಮುಖವನ್ನೇ ನೋಡಿದಳು. ಅದರ ಮರುದಿನ ಮಾಮ ಹುಣಸೆಹಣ್ಣು ತರಲು ಕುರುಗೋಡಿಗೆ ಹೊರಟ. ಅದು ಅವ್ವನ ತವರೂರು, ದೊಡ್ಡಜ್ಜನ ಮನೆ ಇನ್ನೂ ಅಲ್ಲಿತ್ತು. ನನ್ನನ್ನೂ ಕರೆದೊಯ್ದ. ಬಸ್ಸು ಊರು ದಾಟಿದ ಮೇಲೆ ನನಗೆ ನೆನಪಾಯಿತು. ಪುಸ್ತಕ ಬಾಗಿಲ ಹಿಂದಿನ ನನ್ನ ಚೀಲದಲ್ಲೇ ಇತ್ತು. ಅವ್ವ ನಾಲ್ಕನೇ ತರಗತಿಯವರೆಗೆ ಓದಿದವಳು. ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಬಲ್ಲಳು.

ಕುರುಗೋಡಿನಲ್ಲಿ ನಾನು ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡಜ್ಜನ ಮನೆಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ಕೊಟ್ಟರು, ಎರಡು ತುತ್ತು ತಿಂದು ಬಿಟ್ಟೆ. ಬಸವೇಶ್ವರನ ಗುಡಿಗೆ ಹೋದಾಗ ದೊಡ್ಡ ಬಸವಣ್ಣನಿಗೆ ಅವಸರದಲ್ಲಿ ಕೈಮುಗಿದು, ‘ಮಾಮ, ಬಸ್ ಬಂತೇನೋ’ ಎಂದು ಅವನ ಅಂಗಿ ಜಗ್ಗಿದೆ. “ನಿಮ್ಮವ್ವನ ಮಗಳಽ ಅದೀ ನೀ” ಎಂದು ಮಾಮ ನಕ್ಕ. ವಾಪಸ್ ಬರುವ ಬಸ್ಸಂತೂ ಹೊಲಗಳ ನಡುವೆ ಎಲ್ಲೆಲ್ಲೂ ನಿಂತಿತು.

ಮನೆಗೆ ಬಂದಾಗ ಅತ್ತೆ ಹೊರಗಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಒಳಗೆ ಅವ್ವನ ಎದೆಯ ಮೇಲೆ ಪುಸ್ತಕ ತೆರೆದು ಮಗುಚಿಕೊಂಡಿತ್ತು.

“ಬಾ” ಎಂದಳು. “ನಿನ್ನ ಗಂಟಲಿಗೆ ಏನಾಗಿತ್ತು ಅಂತ ಈಗ ತಿಳೀತು.”

ನಾನು ಅಳತೊಡಗಿದೆ. ಅವ್ವ ಅಳಲಿಲ್ಲ. ನನ್ನನ್ನು ಮಂಚದ ಮೇಲೆ ಕೂಡಿಸಿಕೊಂಡು, ಅಪ್ಪನಾಗಲೀ ಅಜ್ಜಿಯಾಗಲೀ ನಮ್ಮ ಮನೆಯಲ್ಲಿ ಎಂದೂ ಎತ್ತದಿದ್ದ ಮಾತನ್ನು ಹೇಳಿದಳು. ನನ್ನ ನಂತರ ಹೋದ ಎರಡರಲ್ಲಿ ಎರಡನೆಯದು ಗಂಡುಕೂಸು. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು.

“ನೋಡಿದ್ರ ಮನಸ್ಸಿಗೆ ಹಚ್ಚಿಕೊಂತಾಳ ಅಂತ ನನಗ ಅದರ ಮುಖ ತೋರಸಲಿಲ್ಲ. ಮರುದಿನದಿಂದ ಎಲ್ಲಾರೂ ಏನೂ ಆಗಿಲ್ಲ ಅನ್ನೋಹಂಗ ಇದ್ರು. ನಾನೂ ಹಂಗಽ ಇದ್ದೆ.” ಪುಸ್ತಕದ ಮೇಲೆ ಕೈಯಾಡಿಸಿದಳು. “ಈ ಬರದಾಕಿಗೆ ಹೆಂಗ ಗೊತ್ತಾತಲೇ ಇದೆಲ್ಲ?”

ಅವಳೇ ಪುಸ್ತಕವನ್ನು ನನ್ನ ಕೈಗಿಟ್ಟಳು.

“ಮುಂದಿಂದು ಓದು. ಆಕಿ ಏನು ಮಾಡಿದ್ಲು ನೋಡಬೇಕು. ಇನ್ನ ಮ್ಯಾಲೆ ಮುಂಚೇನಽ ನೋಡಿ, ಹೆದರಿ ಮುಚ್ಚಿಡಬ್ಯಾಡ. ಏನು ಬರತೈತೋ ಬರಲಿ.”

ಅತ್ತೆಯನ್ನೂ ಕರೆದು ಮುಂದೆ ಓದಿದೆವು. ಕತೆಯ ಸೊಸೆ ಬಹಳ ದಿನ ಮಾತಾಡಲಿಲ್ಲ, ಆಮೇಲೆ ಒಂದು ದಿನ ಎದ್ದು ಮತ್ತೆ ಬಾವಿಗೆ ಹೋದಳು. ಅವ್ವ ಕೊನೆಯ ಪುಟದವರೆಗೂ ಕದಲಲಿಲ್ಲ.

ಅದಾದ ಮೇಲೆ ಅವಳಿಗೆ ಕತೆ ಬೇಡವಾಯಿತು. ಏನು ತರಬೇಕೆಂದೂ ಹೇಳಲಿಲ್ಲ. ಲೈಬ್ರರಿಯಲ್ಲಿ ನಾನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಅಲೆದೆ. ಅವ್ವ ಬೇಡವೆಂದಿದ್ದರೂ ಕೊನೆಯ ಪುಟಗಳನ್ನು ಕದ್ದು ನೋಡಿದೆ, ಸಾವು ಕಂಡರೆ ಮುಚ್ಚಿದೆ. ಸರ್ ಬಾಗಿಲು ಹಾಕುವ ಹೊತ್ತಿಗೆ, ಕೊನೆಯೆಂಬುದೇ ಇಲ್ಲದ ತೆಳ್ಳನೆಯ ಪದ್ಯದ ಪುಸ್ತಕವೊಂದನ್ನು ಕಸಿದುಕೊಂಡವಳಂತೆ ತಂದೆ. ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅವ್ವ ಕಣ್ಣು ಮುಚ್ಚಿ, ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ನಾಟಿಯ ಹಾಡು ಕೇಳುವವಳಂತೆ ಕೇಳಿದಳು.

“ಇನ್ನೊಮ್ಮಿ ಓದು.”

“ತಿಳೀತೇನವ್ವಾ?”

“ಇಲ್ಲ. ಆದ್ರ ಇದಕ್ಕ ಮುಂದೇನಾಗತೈತೋ ಅನ್ನೋ ಚಿಂತಿ ಇಲ್ಲ ನೋಡು. ಅದಽ ಚಲೋ ಐತಿ.”

ಅವಳ ಬೆರಳು ನಿಂತಿತೆಂದು ನೋಡಿದರೆ ನಿದ್ದೆ ಹತ್ತಿತ್ತು. ಹಗಲಿನಲ್ಲಿ ಅವ್ವ ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲಿನದು ದೊಡ್ಡ ಪುಸ್ತಕ. ಸ್ಟೂಲು ಹತ್ತಿ ಮೇಲಿನ ಸಾಲು ತಡಕುವಾಗ, ನಮ್ಮ ಜಿಲ್ಲೆಯ ಹಳೆಯ ಶಾಸನಗಳ ಮೇಲೆ ಬರೆದ ದಪ್ಪನೆಯ ಗ್ರಂಥವೊಂದು ಕೈಗೆ ಬಂತು. ಬಿಡಿಸಿದ ಪುಟದಲ್ಲಿ ಕುರುಗೋಡು ಎಂದಿತ್ತು. ಸರ್ ಈ ಸಲ ಪೇಪರು ಕೆಳಗಿಟ್ಟರು.

“ಇದು ಕಾಲೇಜಿನೋರು ಓದೋದು. ನಿನಗ್ಯಾಕವ್ವಾ?”

“ನಮ್ಮವ್ವಗ್ರಿ.”

ಅದನ್ನು ನಾನು ಅಡಿಟಿಪ್ಪಣಿಗಳ ಸಮೇತ, ಸಂಖ್ಯೆಗಳನ್ನೂ ಬಿಡದೆ ಓದಿದೆ. ಗಡಿ ಕಲ್ಲು, ಕೆರೆಯ ತೂಬು, ಹೂದೋಟಕ್ಕೆ ಬಿಟ್ಟ ನೆಲ. ನಾನು ಆಕಳಿಸಿದರೂ ಅವ್ವ ಆಕಳಿಸಲಿಲ್ಲ. “ಕೆರಿ ಮೂಡಲಕ್ಕ ಅಂದ್ರ ನಮ್ಮ ಓಣಿ ಕಡಿ. ಅಲ್ಲಿ ನಾವು ಬಟ್ಟಿ ಒಗೀತಿದ್ವಿ” ಎಂದು ನೂರಾರು ವರ್ಷ ಹಿಂದಿನ ಊರಿನಲ್ಲಿ ಓಡಾಡಿಬಂದಳು. ಒಂದು ಕಡೆ ಹೆಂಗಸೊಬ್ಬಳು ದೇವರ ದೀಪಕ್ಕೆ ಭೂಮಿ ಕೊಟ್ಟದ್ದಿತ್ತು. ಅವಳ ಹೆಸರನ್ನು ಅವ್ವ ಎರಡು ಸಲ ಹೇಳಿಸಿದಳು.

“ಆಕಿಗೆ ಮಕ್ಕಳಿದ್ರಂತೇನು?”

ಹಿಂದೆ ಮುಂದೆ ಹುಡುಕಿದೆ. “ಬರದಿಲ್ಲವ್ವಾ.”

“ಬರದಿಲ್ಲ…” ಅವ್ವ ಸೂರು ನೋಡಿದಳು. “ಮಕ್ಕಳಿದ್ರೋ ಇಲ್ಲೋ ಯಾರೂ ಕೇಳಿಲ್ಲ ನೋಡಲೇ. ಆದ್ರೂ ಆಕಿ ಹೆಸರು ಉಳದೈತಿ.”

ಆ ಗ್ರಂಥ ಮುಗಿಯುವ ಮೊದಲೇ, ಜೂನಿನ ಮೊದಲ ಮೋಡ ಕಟ್ಟಿದ ಒಂದು ಬೆಳಿಗ್ಗೆ ಅವ್ವನಿಗೆ ನೋವು ಶುರುವಾಯಿತು. ದಿನ ತುಂಬಿರಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ಗೋಡೆಯಿಂದ ಗೋಡೆಗೆ ನಡೆದೆ. ಸುದ್ದಿ ತಿಳಿದು ಸಿಕ್ಕ ಬಸ್ಸು ಹತ್ತಿ ಬಂದಿದ್ದ ಅಪ್ಪನ ಅಂಗಿಗೆ ಭತ್ತದ ಹೊಟ್ಟು ಇನ್ನೂ ಅಂಟಿತ್ತು. “ಕುಂದ್ರಲೇ” ಎಂದು ನನಗೆ ಹೇಳುತ್ತಲೇ ಅವನೂ ನಡೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಆಚೆ ಬೆಕ್ಕಿನಮರಿ ಕೂಗಿದಂಥ ಸಣ್ಣ ಅಳು ಕೇಳಿತು. ಅದರ ಹಿಂದೆಯೇ ಅವ್ವನ ಧ್ವನಿ, ಪಡಸಾಲೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ:

“ಮುಖ ತೋರಸ್ರಿ! ಮೊದಲು ನನಗ ಅದರ ಮುಖ ತೋರಸ್ರಿ!”

ತೋರಿಸಿದರು. ತಂಗಿ ಹುಟ್ಟಿದ್ದಳು, ಅಂಗೈಯಗಲದವಳು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಆಮೇಲೆ ಅವ್ವನ ಮಗ್ಗುಲಿಗೆ ಬಂದಳು.

ಹಚ್ಚೊಳ್ಳಿಗೆ ಮರಳಿದೆವು. ಅವ್ವ ಎದ್ದಳು, ಎದ್ದವಳು ಮತ್ತೆ ಕೂಡಲಿಲ್ಲ. ಹೊಲ, ಕೂಸು, ಎಮ್ಮೆ. ಶಾಲೆಯ ಪುಸ್ತಕ ಹಿಡಿದು ನಾನು ಓದಲು ಹೊರಟರೆ, “ಓದು, ಕೇಳ್ತೀನಿ” ಅನ್ನುತ್ತಲೇ ಒಲೆಯಿಂದ ಹಿತ್ತಲಿಗೆ ಹೋಗಿಬಿಡುವಳು. ನನ್ನ ಅರ್ಧ ವಾಕ್ಯ ಅಡುಗೆಮನೆಯಲ್ಲೇ ಉಳಿಯುತ್ತಿತ್ತು. ಕ್ರಮೇಣ ನಾನೂ ಓದಿ ಹೇಳುವುದನ್ನು ಬಿಟ್ಟೆ.

ಈಗ ಸಿರುಗುಪ್ಪದಲ್ಲಿ ನನ್ನದೊಂದು ಔಷಧದ ಅಂಗಡಿಯಿದೆ. ಗಿರಾಕಿಗಳಿಲ್ಲದಾಗ ಓದುತ್ತೇನೆ. ಕಾದಂಬರಿ, ಕವಿತೆ, ಇತಿಹಾಸ, ಎಲ್ಲವೂ ಅರ್ಧರ್ಧ. ಫೋನು ನೋಡುತ್ತೇನೆ, ಮತ್ತೆ ಪುಸ್ತಕ ಬದಲಿಸುತ್ತೇನೆ. ಬೇಕಾದ ಪುಸ್ತಕ ಮನೆ ಬಾಗಿಲಿಗೇ ಬರುತ್ತದೆ. ಆದರೆ ಇದನ್ನು ಒಯ್ದರೆ ಒಬ್ಬರ ಉಸಿರು ನೆಟ್ಟಗಾಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ನಾನು ಪುಸ್ತಕ ಆರಿಸಿ ಎಷ್ಟೋ ಕಾಲವಾಯಿತು.

ಅವ್ವ ಹೋಗಿ ಕೆಲವು ವರ್ಷಗಳಾದವು. ಹಾಸಿಗೆ ಹಿಡಿಯಲಿಲ್ಲ, ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾಗಲೇ ಕುಸಿದಳು. ಮೊನ್ನೆ ತಂಗಿ ಬಂದಿದ್ದಾಗ ಆ ಬೇಸಿಗೆಯ ಸಂಗತಿಯನ್ನೆಲ್ಲ ಹೇಳಿದೆ. ಅವಳು ನಂಬಲಿಲ್ಲ.

“ಅವ್ವ? ಹಗಲೊತ್ತು ಮಲಕೊಂಡು ಪದ್ಯ ಕೇಳ್ತಿದ್ಲಾ? ಸುಳ್ಳು ಹೇಳಬ್ಯಾಡಕ್ಕಾ. ನಾನು ಹುಟ್ಟಿದಾಗಿಂದ ಆಕಿ ಒಂದ್ ಕಡಿ ನಿಂತದ್ದಽ ನೋಡಿಲ್ಲ.”

ಅವಳು ಹೇಳುವುದು ನಿಜ. ಯಾರಿಗಾಗಿ ಅವ್ವ ಆ ಬೇಸಿಗೆಯೆಲ್ಲ ಮೈ ಕಟ್ಟಿಕೊಂಡು ಮಲಗಿದಳೋ, ಅವಳೊಬ್ಬಳಿಗೇ ಆ ಅವ್ವ ಸಿಗಲಿಲ್ಲ.