ಎಡಬಲ ಸರಿ ಐತೇನು?

ಮೊನ್ನೆ ಮಕ್ತಲ್ ಬಸ್ ನಿಲ್ದಾಣದ ಎದುರು ಮೆಕ್ಯಾನಿಕ್ ಒಬ್ಬ ಬೈಕಿನ ಚೈನನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುತ್ತಿದ್ದ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಪಕ್ಕದ ಹೆಂಗಸರು ಮೂಗಿಗೆ ಸೆರಗು ಹಿಡಿದರು, ನಾನು ಮಾತ್ರ ಇನ್ನೂ ಹತ್ತಿರ ಹೋಗಿ ಉಸಿರೆಳೆದುಕೊಂಡೆ. ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಡಿಯಾರದ ಕಾಕಾನ ಅಂಗಿ, ಕೈ, ಕೊನೆಗೆ ಅವನು ಕೊಡುತ್ತಿದ್ದ ಪೆಪ್ಪರಮಿಂಟು ಕೂಡ ಇದೇ ವಾಸನೆ ಹೊಡೆಯುತ್ತಿತ್ತು...

ನನ್ನ ಪರ್ಸಿನಲ್ಲಿ ಅಪ್ಪನ ಕೈಗಡಿಯಾರ ನಿಂತುಹೋಗಿ ಕೂತಿತ್ತು. ಹಿಂದಿನ ವಾರ ಅದು ಅಪ್ಪನ ಕೈಯಿಂದ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿದ್ದಿತ್ತು. ಎಂಬತ್ತು ದಾಟಿದ ಅಪ್ಪನಿಗೆ ಈಗ ಗಡಿಯಾರದ ಮುಳ್ಳು ಕಾಣುವುದಿಲ್ಲ. ಆದರೂ ಬೆಳಿಗ್ಗೆ ಎದ್ದವನೇ ಅದಕ್ಕೆ ಚಾವಿ ಕೊಟ್ಟು, ಕಿವಿಗೆ ಹಿಡಿದು, ಆಮೇಲೆಯೇ ಚಹಾಕ್ಕೆ ಕೈ ಚಾಚುತ್ತಿದ್ದ. ವಾಚು ನಿಂತ ದಿನದಿಂದ ಚಹಾ ಆರುತ್ತಿತ್ತು, ಅಪ್ಪ ಗೋಡೆ ನೋಡುತ್ತ ಕೂತಿರುತ್ತಿದ್ದ. "ಅವ ಇದ್ದಿದ್ರ ಇಷ್ಟೊತ್ತಿಗೆ ಮಾಡಿಕೊಡ್ತಿದ್ದ" ಅನ್ನುವುದೊಂದೇ ಮಾತು. ಅವ ಅಂದರೆ ಕಾಕಾ. ಅಪ್ಪನನ್ನು ಹೀಗೆ ನೋಡುವುದು ನನ್ನಿಂದಾಗಲಿಲ್ಲ. ಹೇಗಾದರೂ ಇದನ್ನು ನಡೆಸಲೇಬೇಕು ಅಂತ ಹೊರಟೆ.

ನಾರಾಯಣಪೇಟೆಯಲ್ಲಿ ವಾಚಿನ ಅಂಗಡಿ ಅಂತ ಬೋರ್ಡು ಇದ್ದಲ್ಲೆಲ್ಲ ಮೊಬೈಲಿನ ಕವರುಗಳು ತೂಗಾಡುತ್ತಿದ್ದವು. "ಸೆಲ್ ಹಾಕೋದಿದ್ರ ಹೇಳ್ರಿ ಟೀಚರ್, ಇಂಥಾವೆಲ್ಲಾ ಈಗ ಯಾರ ಮಾಡ್ತಾರ್ರಿ?" ಅಂದರು. ಮಕ್ತಲ್‌ನಲ್ಲಿ ಒಬ್ಬರು ಬಿಚ್ಚಿ ನೋಡಿ, ಒಳಗೆ ಬಾಲ್ ಕಮಾನ್ ಮುರಿದಿದೆ, ಇದೇ ಜಾತಿಯ ವಾಚಿನದು ಸಿಕ್ಕರೆ ಮಾತ್ರ ಕೂಡುತ್ತದೆ, ಗದ್ವಾಲ್‌ನಲ್ಲಿ ಕೇಳಿ ನೋಡ್ರಿ ಅಂದರು. ಬಾಲ್ ಕಮಾನ್ ಅಂದೊಡನೆ ನನಗೆ ನಗು ಬಂತು. ಅವರಿಗೆ ಗಾಬರಿಯಾಗಿರಬೇಕು.

ಕಾಕಾ ನಮ್ಮಂತೆಯೇ ನೇಕಾರರ ಮನೆಯವನು. ಮೊಣಕಾಲು ಕೈಕೊಟ್ಟು ಕುಣಿಮಗ್ಗದ ಹಲಗೆ ತುಳಿಯಲು ಆಗದಂತಾದಾಗ ಗಡಿಯಾರಕ್ಕೆ ಇಳಿದವನು. ಕಡಿದ ರೇಷ್ಮೆ ಎಳೆಗೆ ಕಾಣದಂತೆ ಗಂಟು ಹಾಕುತ್ತಿದ್ದ ಬೆರಳುಗಳು ಚಿಮಟ ಹಿಡಿದವು, ಅಷ್ಟೇ. ನಾನು ಗದ್ವಾಲ್ ಹತ್ತಿರದ ಧರೂರಿನಲ್ಲಿ ಹೊಸದಾಗಿ ಟೀಚರ್ ಆಗಿದ್ದಾಗ ಒಮ್ಮೆ ಕಾಕಾ, "ಗದ್ವಾಲದಾಗಿಂದ ಒಂದು ಬಾಲ್ ಕಮಾನ್ ತಗೊಂಬಾರವ್ವ" ಅಂದಿದ್ದ. ನನಗೋ ಆಗ ಭಾಷೆಯ ಬಗ್ಗೆ ಬಲು ಜಂಬ. ಕಾಕಾ ಅರ್ಧ ಮಾತು ನುಂಗುತ್ತಾನೆ, ಬಾಲ ಅಂದರೆ ಮಕ್ಕಳು ಅಂತ ನಾನೇ ತಿದ್ದಿಕೊಂಡು, ಅಂಗಡಿಯಲ್ಲಿ ಅಚ್ಚ ತೆಲುಗಿನಲ್ಲಿ ಮಕ್ಕಳ ವಾಚಿನ ಕಮಾನು ಕೇಳಿದೆ. ಅವರು ಪುಟ್ಟದೊಂದು ಚಾವಿಯ ಸ್ಪ್ರಿಂಗ್ ಕಟ್ಟಿಕೊಟ್ಟರು.

ಕಾಕಾ ನಕ್ಕ ನಗುವಿಗೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಮಡಿಲಿಗೆ ಬಿತ್ತು. "ಬಾಲ್ ಅಂದ್ರ ಉರ್ದುದಾಗ ಕೂದಲು, ಟೀಚರವ್ವಾ! ಕೂದಲಿನಂಥಾ ಕಮಾನು. ಪುಣ್ಯಾ, ಕನ್ನಡದಾಗ ಕೇಳಿ ಯಾವ್ದರ ಬಾಲ ತರಲಿಲ್ಲ!" ಆಮೇಲೆ ಕೆಟ್ಟ ವಾಚೊಂದರ ಬಾಲ್ ಕಮಾನನ್ನು ಚಿಮಟದಿಂದ ಎತ್ತಿ ತೋರಿಸಿದ. ಸುರುಳಿ ಸುತ್ತಿದ, ಉಸಿರಾಡಿದರೂ ನಡುಗುವ ಎಳೆ. ಅವತ್ತಿನಿಂದ ಅವನ ಬಾಯಲ್ಲಿ ನಾನು ಬಾಲ ಟೀಚರ್ ಆದೆ. ನನ್ನ ಮದುವೆಯ ಹಂದರದಲ್ಲೂ ಹಾಗೇ ಕರೆದ, ಬೀಗರ ಮುಂದೆ!

ಅವನ ಕೆಲಸದ ರೀತಿಯೇ ಬೇರೆ. ವಾಚನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಜೋಡಿಸಿ ಆದ ಮೇಲೆ ಗೋಡೆಯಾಚೆಯಿಂದ ಕೂಗುತ್ತಿದ್ದ, "ಅಣ್ಣಾ, ಈಟು ಬಾರಪಾ!" ಅಪ್ಪ ಮಗ್ಗದ ಕುಣಿಯಿಂದ ಎದ್ದು ಹೋಗುತ್ತಿದ್ದ. ಕಾಕಾ ವಾಚನ್ನು ಅಪ್ಪನ ಕಿವಿಗೆ ಹಿಡಿದು ಕೇಳುತ್ತಿದ್ದ, "ಎಡಬಲ ಸರಿ ಐತೇನು?"

ಮಗ್ಗದಲ್ಲಿ ಲಾಳಿ ಎಡಕ್ಕೆ ಹೋದಾಗಿನ ಸದ್ದು, ಬಲಕ್ಕೆ ಬಂದಾಗಿನ ಸದ್ದು ಒಂದೇ ತೂಕ ಇರಬೇಕು, ಇಲ್ಲದಿದ್ದರೆ ಬಟ್ಟೆ ಕೆಡುತ್ತದೆ. ಬದುಕಿಡೀ ಅದನ್ನೇ ಕೇಳಿದ ಕಿವಿ ಅಪ್ಪನದು. ಟಿಕ್ ಮತ್ತು ಟಕ್ ನಡುವೆ ಕೂದಲೆಳೆ ಹೆಚ್ಚುಕಡಿಮೆ ಇದ್ದರೂ "ಎಡಕ್ಕ ಕುಂಟತೈತಿ ನೋಡು" ಅನ್ನುತ್ತಿದ್ದ. ಕಾಕಾ ಮತ್ತೆ ಬಿಚ್ಚುತ್ತಿದ್ದ. ಒಂದೊಂದು ವಾಚಿಗೆ ಅಪ್ಪ ನಾಲ್ಕು ಸಲ ಮಗ್ಗ ಬಿಟ್ಟು ಎದ್ದದ್ದಿದೆ. ಅವ್ವ ಒಳಗಿನಿಂದ ಗೊಣಗುತ್ತಿದ್ದಳು, ಇವರಿಬ್ಬರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಪ್ಪ "ಸರಿ ಐತಿ" ಅಂದ ಮೇಲೆಯೇ ಕಾಕಾ ಹಿಂದಿನ ಮುಚ್ಚಳದ ಒಳಗೆ ಸೂಜಿಯಿಂದ ಗೀಚಿ ಒಂದು ಗುರುತು ಹಾಕುತ್ತಿದ್ದ. ನಮ್ಮೂರ ಸೀರೆಯ ಅಂಚಿನಲ್ಲಿ ಇರುತ್ತದಲ್ಲ, ಅಂಥ ಪುಟ್ಟ ಗೋಪುರ.

ಅವನದೊಂದು ಹಟವಿತ್ತು. ಸತ್ತ ವಾಚಿನಿಂದ ಎಷ್ಟು ಬೇಕಾದರೂ ಸಾಮಾನು ತೆಗೆದಾನು, ನಡೆಯುವುದರಿಂದ ಮಾತ್ರ ಒಂದು ಸ್ಕ್ರೂ ಕೂಡ ಇಲ್ಲ. ಯಾರೋ ಹಾಗೆ ಮಾಡಲು ಹೇಳಿದ್ದಕ್ಕೆ ಬಯ್ದು ಕಳಿಸಿದ್ದ. ಕಡೆಗಾಲಕ್ಕೆ ಅವನ ಕೈ ನಡುಗತೊಡಗಿತು. ಆಮೇಲೆ ಒಂದು ದಿನ ಕಾಕಾನೂ ಹೋದ. ಅವನ ಮರದ ಪೆಟ್ಟಿಗೆ ಯಾರ ಪಾಲಾಯಿತೋ...

ಗದ್ವಾಲ್ ಕೋಟೆಯ ಹತ್ತಿರದ ಓಣಿಯಲ್ಲಿ ವಯಸ್ಸಾದ ಅಂಗಡಿಯವರೊಬ್ಬರು ಸಿಕ್ಕರು. ಈ ಸಲ ತಪ್ಪು ಮಾಡಲಿಲ್ಲ, ಬಾಲ್ ಕಮಾನ್ ಬೇಕು ಅಂತಲೇ ಕೇಳಿದೆ.

"ಈ ಮಾತ ಕೇಳಿ ಭಾಳ ವರ್ಷಾತಮ್ಮಾ" ಅಂದು ಬಿಸ್ಕತ್ತಿನ ಡಬ್ಬಿ ಸುರುವಿದರು. ಕೆಟ್ಟ ವಾಚುಗಳ ರಾಶಿ. ಅದರಲ್ಲಿ ಅಪ್ಪನದೇ ಜಾತಿಯದು ಒಂದಿತ್ತು! ಮುಚ್ಚಳ ತೆಗೆದರು. ಒಳಗೆ ಪುಟ್ಟ ಗೋಪುರ. ಕಾಕಾ ಗೀಚಿದ್ದೇ. ಅವರು ಸುಮ್ಮನೆ ನಾಲ್ಕು ಸುತ್ತು ಚಾವಿ ಕೊಟ್ಟು ನೋಡಿದರು, ಅದು ನಡೆಯತೊಡಗಿತು.

"ಅರೆ, ಜೀವ ಐತಿ ಇದಕ್ಕ! ಏನ್ ಮಾಡಲಮ್ಮಾ, ಕಮಾನ್ ತಗೀಲೇನು?"

ತಗೀರಿ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಪ್ಪನ ಆರಿದ ಚಹಾ ಕಣ್ಣ ಮುಂದಿತ್ತು. ಆದರೆ ಕಾಕಾ ಬಯ್ದು ಕಳಿಸಿದ್ದೂ ನೆನಪಿತ್ತಲ್ಲ. ಅಪ್ಪನನ್ನೇ ಕೇಳುತ್ತೇನೆ ಅಂತ ದುಡ್ಡು ಕೊಟ್ಟು, ಎರಡೂ ವಾಚುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು, ಏನೂ ಹೇಳದೆ, ನಡೆಯುವ ವಾಚನ್ನು ಅಪ್ಪನ ಅಂಗೈಲಿಟ್ಟೆ. ಹೆಬ್ಬೆರಳಿನಿಂದ ಸವರಿದವನೇ "ಇದು ನಂದಲ್ಲ" ಅಂದ. ಮುಖ ಸಪ್ಪೆಯಾಯಿತು. ಆದರೂ ರೂಢಿ ಬಿಡಬೇಕಲ್ಲ, ಕಿವಿಗೆ ಹಿಡಿದ. ಕಣ್ಣು ಮುಚ್ಚಿದ.

"ಎಡಬಲ ಸರಿ ಐತಿ" ಅಂದ. ಮತ್ತೆ, "ಇದನ್ನ ನಾ ಕೇಳೀನವ್ವಾ. ಅವ ಮಾಡಿದ್ದಲ್ಲೇನು ಇದು?"

ನನ್ನ ಕಣ್ಣು ತುಂಬಿ ಬಂತು. ಮುಚ್ಚಳದೊಳಗಿನ ಗೋಪುರದ ಸುದ್ದಿ ಹೇಳಿದೆ. ಇದರ ಕಮಾನ್ ತೆಗೆಸಿ ನಿನ್ನದಕ್ಕೆ ಹಾಕಿಸಲೇ ಅಂತಲೂ ಕೇಳಿದೆ.

"ಹುಚ್ಚಿ, ನಡಿಯೋದನ್ನ ಯಾರರ ಬಿಚ್ಚತಾರೇನು? ಅವ ಕೇಳಿದ್ರ ಬಯ್ತಾನ." ಕೈ ಮುಂದೆ ಚಾಚಿದ. ಪಟ್ಟಿ ಬಿಗಿದೆ. ಅವನ ಸ್ವಂತ ವಾಚು ನಿಂತಂತೆಯೇ ಗೂಡಿನಲ್ಲಿದೆ, ಅದರದೇ ಜಾತಿಯ ಸತ್ತ ವಾಚು ಎಲ್ಲಾದರೂ ಸಿಗುವ ತನಕ.

ಈಗ ಚಹಾ ಆರುವುದಿಲ್ಲ. ಬೆಳಿಗ್ಗೆ ಅಪ್ಪ ಚಾವಿ ಕೊಡುತ್ತಾನೆ, ಕಿವಿಗೆ ಹಿಡಿಯುತ್ತಾನೆ. ಪಕ್ಕದ ಗೋಡೆಯ ಕಡೆ ಸ್ವಲ್ಪ ಹೊರಳಿ, ಆಚೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ "ಸರಿ ಐತಿ" ಅನ್ನುತ್ತಾನೆ. ಗೋಡೆಯಾಚೆ ಈಗ ಬಾಡಿಗೆಯವರು ಬೈಕು ನಿಲ್ಲಿಸುತ್ತಾರೆ. ಸರಿ ಐತೇನು ಅಂತ ಕೇಳಿದವರು ಅಲ್ಲಿ ಯಾರೂ ಇಲ್ಲ.