ಕೆಸರು ಮೆತ್ತದ ಚಕ್ರ

ಯಾರದೇ ಮನೆಯ ಗೇಟು ತೆಗೆದು ಒಳಗೆ ಕಾಲಿಟ್ಟರೂ ಅವಳು ಮೊದಲು ನೋಡುತ್ತಿದ್ದದ್ದು ನೀರಿನ ಮೀಟರನ್ನಲ್ಲ, ಹೂವಿನ ಕುಂಡಗಳನ್ನು. ಕುಂಡದ ಮಣ್ಣು ಒದ್ದೆ, ಕಾರು ಥಳಥಳ, ತಂತಿಯ ಮೇಲೆ ಎರಡು ಸಾಲು ಬಟ್ಟೆ, ಆದರೆ ಮೀಟರಿನ ಅಂಕಿ ಮಾತ್ರ ಹೋದ ತಿಂಗಳಿದ್ದಲ್ಲೇ ಕೂತಿದೆ ಎಂದರೆ, ಆ ಮನೆಯವರ ಬೇಳೆ ಅವಳ ಹತ್ತಿರ ಬೇಯುತ್ತಿರಲಿಲ್ಲ. ಮೀಟರಿಗೆ ಆಯಸ್ಕಾಂತ ಅಂಟಿಸುವವರು, ಬಿಚ್ಚಿ ಹಿಂದುಮುಂದಾಗಿ ಕೂರಿಸುವವರು, ಮೀಟರಿನ ಪಕ್ಕ ನಾಯಿ ಕಟ್ಟಿ ಒಳಗೆ ಕೂತು ನಗುವವರು, ಹತ್ತೊಂಬತ್ತು ವರ್ಷದಲ್ಲಿ ಎಲ್ಲರನ್ನೂ ಕಂಡಿದ್ದಳು. ಬೀದಿಯವರು ಅವಳನ್ನು ಮೀಟರಕ್ಕ ಎನ್ನುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಬೆನ್ನ ಹಿಂದೆ ಅವಳ ಹೆಸರು ಡೌಟಕ್ಕ.

ಮನೆಯಲ್ಲೂ ಇದೇ ಕಥೆ. ಗಂಡ ಹತ್ತು ನಿಮಿಷ ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಿರಲಿಲ್ಲ. ಸುಮ್ಮನೆ ಅವನ ಚಪ್ಪಲಿಯ ಅಡಿ ತಿರುಗಿಸಿ ನೋಡುತ್ತಿದ್ದಳು. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಚಪ್ಪಲಿ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ. ಅವಳ ಅನುಮಾನದಿಂದ ಪಾರಾದ ಪ್ರಾಣಿ ಎಂದರೆ ಒಬ್ಬನೇ, ಅವಳ ತಮ್ಮ. ಮೂವತ್ತೆಂಟು ವರ್ಷದ ಬಡಗಿ, ಎರಡು ಮಕ್ಕಳ ತಂದೆ. ಆದರೂ ಅವಳ ಕಣ್ಣಿಗೆ ಇನ್ನೂ ಸೊಂಟದ ಮೇಲಿನ ಕೂಸು.

ಏರುಬೀದಿಗಳ ಊರಲ್ಲಿ ಮೀಟರ್ ನೋಡಲು ಸೈಕಲ್ಲಿನಲ್ಲೇ ತಿರುಗುತ್ತಿದ್ದರಿಂದ ನಲವತ್ತಾರಕ್ಕೂ ಅವಳ ಕಾಲು ಕಬ್ಬಿಣದಂತಿತ್ತು. ಗುಡ್ಡದ ಸೈಕಲ್ ಓಟದ ಹುಚ್ಚು ಮೊದಲು ಹಿಡಿದದ್ದು ಗಂಡನಿಗೆ. ಅವನಿಂದ ಅದು ಅವಳಿಗೆ, ತಮ್ಮನಿಗೆ, ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸುವ ನಾದಿನಿಗೆ ಅಂಟಿತು. ನಾಲ್ವರೂ ಸೇರಿ ಆ ವರ್ಷ ಹನ್ನೆರಡು ಗಂಟೆಯ ರಿಲೇ ಪಂದ್ಯಕ್ಕೆ ಹೆಸರು ಕೊಟ್ಟರು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಗುಡ್ಡ ಸುತ್ತುವ ಒಂದೇ ದಾರಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸೈಕಲ್ ಹೊಡೆಯಬೇಕು. ಕಾಲಿಗೆ ಕಟ್ಟಿದ ಪಟ್ಟಿಯನ್ನು ಡೇರೆಯ ಹತ್ತಿರ ಮುಂದಿನವರಿಗೆ ದಾಟಿಸಬೇಕು. ಹೆಚ್ಚು ಸುತ್ತು ಹಾಕಿದ ತಂಡ ಗೆದ್ದಂತೆ.

ಪಂದ್ಯಕ್ಕೆ ಮೂರು ವಾರ ಇರುವಾಗ ಗಂಡನ ಮಂಡಿ ಕೈಕೊಟ್ಟಿತು. ಅವನೇ ತನ್ನ ಜಾಗಕ್ಕೆ ಒಬ್ಬನನ್ನು ಕರೆತಂದ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು, ತೆಳ್ಳಗೆ ಬಿದಿರುಕಡ್ಡಿಯಂಥವನು, ಮಾತಾಡಿದರೆ ಮುತ್ತು ಉದುರೀತೆಂಬಂತೆ ಬಾಯಿ ಬಿಗಿಹಿಡಿದವನು.

"ಇವನು ಸರಿಯಿಲ್ಲ," ಎಂದಳು ಮೀಟರಕ್ಕ, ಅವನು ಮೆಟ್ಟಿಲಿಳಿದು ಹೋದ ಮೇಲೆ.

"ಯಾಕೆ? ಏನ್ ಮಾಡ್ದ?"

"ಏನೂ ಮಾಡ್ಲಿಲ್ಲ. ಅದೇ."

ಗಂಡ ಮಂಡಿಗೆ ಐಸ್ ಒತ್ತಿಕೊಂಡ.

ಪಂದ್ಯದ ದಿನ ಗುಡ್ಡದ ಕೆಳಗಿನ ಮೈದಾನದಲ್ಲಿ ಇಪ್ಪತ್ತೆರಡು ತಂಡಗಳ ಡೇರೆ. ಮೊದಲು ತಮ್ಮ, ಆಮೇಲೆ ನಾದಿನಿ, ಮೂರನೆಯವನು ಕನ್ನಡಕದವನು, ಕೊನೆಗೆ ಮೀಟರಕ್ಕ. ದಾರಿ ಸಲೀಸಾಗಿರಲಿಲ್ಲ. ಮೈದಾನದಿಂದ ಗುಡ್ಡದ ನೆತ್ತಿಯ ನೀರಿನ ಟ್ಯಾಂಕಿನವರೆಗೆ ಉಸಿರು ಕಟ್ಟುವ ಏರು. ಅಲ್ಲಿ ಬಾವುಟ ಹಿಡಿದ ಇಬ್ಬರು ಎದೆಯ ಮೇಲಿನ ಸಂಖ್ಯೆ ಬರೆದುಕೊಳ್ಳುತ್ತಿದ್ದರು. ಅಲ್ಲಿಂದ ಹಿಂಬದಿಗೆ ಇಳಿದು, ಪಾಳುಬಿದ್ದ ಕಲ್ಲುಕ್ವಾರಿ ಬಳಸಿ, ತೊರೆಯ ಪಕ್ಕದ ಕೆಸರುಗುಂಡಿ ದಾಟಿ ಮೈದಾನಕ್ಕೆ ಮರಳಬೇಕು. ಕೆಸರು ಕೆಂಪಗೆ, ಅಂಟಂಟಾಗಿ, ಚಕ್ರವನ್ನು ಅರ್ಧ ನುಂಗುತ್ತಿತ್ತು. ಬಂದವರೆಲ್ಲ ಕುಂಬಾರನ ಮನೆಯಿಂದ ಎದ್ದುಬಂದವರಂತೆ ಕಾಣುತ್ತಿದ್ದರು.

ಮೊದಲ ಸುತ್ತು ಎಲ್ಲರದೂ ಸುಸೂತ್ರವಾಗಿ ಮುಗಿಯಿತು. ತಮ್ಮ ನಲವತ್ತು ನಿಮಿಷ ತೆಗೆದುಕೊಂಡ, ಕನ್ನಡಕದವನು ನಲವತ್ತೆರಡು. ಎರಡನೇ ಸುತ್ತಿಗೆ ಹೋದ ತಮ್ಮ ಮೂವತ್ತೈದೇ ನಿಮಿಷಕ್ಕೆ ಬಂದುಬಿಟ್ಟ. ಫಲಕದ ಮೇಲೆ ಆ ಅಂಕಿ ಬಿದ್ದಾಗ ಮೀಟರಕ್ಕ ಡೇರೆಯ ಮುಂದೆ ಕುಣಿದೇಬಿಟ್ಟಳು. ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿ, ಪಕ್ಕದ ತಂಡದವರಿಗೆಲ್ಲ ಕೇಳುವಂತೆ, "ನನ್ ತಮ್ಮ! ನನ್ ತಮ್ಮ ಅವ್ನು!" ಎಂದು ಕೂಗಿದಳು. ತಮ್ಮ ಮುಖ ತೊಳೆಯಬೇಕೆಂದು ನಲ್ಲಿಯ ಕಡೆ ಹೋದ.

ನಾದಿನಿಯ ಸರದಿ ಕಳೆದು ಕನ್ನಡಕದವನೂ ತನ್ನ ಎರಡನೇ ಸುತ್ತು ಮುಗಿಸಿ ಬಂದ. ಫಲಕ ತೋರಿಸಿದ್ದು ಮೂವತ್ತೇಳು ನಿಮಿಷ. ಈ ಸಲ ಮೀಟರಕ್ಕ ಚಪ್ಪಾಳೆ ತಟ್ಟಲಿಲ್ಲ. ಹೊತ್ತೇರಿದಂತೆ ಮನುಷ್ಯ ನಿಧಾನವಾಗಬೇಕು, ಇವನು ಹೇಗೆ ಚುರುಕಾದ? ಅವಳ ಕಣ್ಣು ತಾನಾಗಿ ಚಕ್ರದ ಮೇಲೆ ಬಿತ್ತು. ಎರಡೂ ಚಕ್ರದಲ್ಲಿ ಧೂಳಿತ್ತು, ಒಣ ಹುಲ್ಲಿನ ಎಸಳಿತ್ತು. ಕೆಸರು ಮಾತ್ರ ಹಣೆಬೊಟ್ಟಿನಷ್ಟೂ ಇರಲಿಲ್ಲ.

"ಮೇಡಂ, ಆ ಕೆಸರು ಇದೆಯಲ್ಲಾ, ಅಲ್ಲಿ..." ಎಂದು ಅವನು ಏದುಸಿರಿನಲ್ಲೇ ಶುರುಮಾಡಿದ.

"ಆಮೇಲೆ ಹೇಳಿ," ಎಂದು ಅವನ ಕೈಯಿಂದ ಪಟ್ಟಿ ಕಿತ್ತುಕೊಂಡು ಹೊರಟೇಬಿಟ್ಟಳು. ಕೇಳುವ ಮೊದಲೇ ವಿವರಣೆ ಕೊಡಲು ಬರುವವರನ್ನು ಅವಳು ಹತ್ತೊಂಬತ್ತು ವರ್ಷದಿಂದ ಬಲ್ಲಳು. "ಮೀಟರ್ ಸ್ವಲ್ಪ ಕೆಟ್ಟಿದೆ ಮೇಡಂ" ಎಂದು ಗೇಟಿನಲ್ಲೇ ಎದುರುಗೊಳ್ಳುವವರು ಅವರೇ ಅಲ್ಲವೇ!

ಆ ಸುತ್ತಿನಲ್ಲಿ ಅವಳಿಗೆ ಏರಿನ ಆಯಾಸವೂ ತಿಳಿಯಲಿಲ್ಲ. ಟ್ಯಾಂಕು ದಾಟಿ ಒಂದು ತಿರುವು ಕಳೆಯುತ್ತಲೇ ಕಂಡಿತು: ಬಲಕ್ಕೆ ದಪ್ಪ ಕಬ್ಬಿಣದ ಪೈಪು, ಅದರ ಪಕ್ಕದಲ್ಲೇ ಕಾಲುದಾರಿ, ಅಡ್ಡಕ್ಕೆ ಒಂದು ಕೆಂಪು ರಿಬ್ಬನ್ನು. ಯಾವ ಊರಿನ ಟ್ಯಾಂಕಾದರೇನು, ಪೈಪಿನ ಜೊತೆಗೆ ರಿಪೇರಿಯವರ ದಾರಿ ಇದ್ದೇ ಇರುತ್ತದೆ, ಅದು ನೆಟ್ಟಗೆ ಕೆಳಗಿನ ಮೈದಾನಕ್ಕೇ ಇಳಿಯುತ್ತದೆ. ಬಾವುಟದವರಿಗೆ ತಿರುವಿನಾಚೆ ಏನೂ ಕಾಣದು. ರಿಬ್ಬನ್ನಿನ ಕೆಳಗೆ ತಲೆ ತಗ್ಗಿಸಿದರೆ ಕ್ವಾರಿಯೂ ಇಲ್ಲ, ಕೆಸರೂ ಇಲ್ಲ.

"ಸಿಕ್ಕಿಬಿದ್ದೆ ಮಗನೇ," ಎಂದುಕೊಂಡಳು.

ಡೇರೆಗೆ ಬಂದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಬ್ರೆಡ್ಡು ತಿನ್ನುತ್ತ ಕನ್ನಡಕದವನನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಅವನು ಸ್ಕ್ರೂಡ್ರೈವರ್ ಹಿಡಿದು ನಾದಿನಿಯ ಬ್ರೇಕು ಸರಿಮಾಡುತ್ತಿದ್ದ. ಎಷ್ಟು ಒಳ್ಳೆಯತನ! ಇಷ್ಟು ಒಳ್ಳೆಯತನ ಸುಮ್ಮನೆ ಬರುವುದಿಲ್ಲ. ತಮ್ಮ ಮೂರನೇ ಸುತ್ತು ಮುಗಿಸಿ ಬಂದ, ನಲವತ್ತಮೂರು ನಿಮಿಷ. ಪಾಪ, ಸುಸ್ತಾಗಿದೆ ಕೂಸಿಗೆ ಎಂದು ಟವೆಲ್ ಒದ್ದೆ ಮಾಡಿ ಕೊಟ್ಟಳು. ಅವನು ಅಕ್ಕನ ಮುಖ ನೋಡದೆ ತೆಗೆದುಕೊಂಡ.

ಮಧ್ಯಾಹ್ನ ಒಂದೂವರೆ ದಾಟಿತು. ಕನ್ನಡಕದವನು ಮೂರನೇ ಸುತ್ತಿಗೆ ಹೊರಟು ಮರೆಯಾದದ್ದೇ ತಡ, "ಸ್ವಲ್ಪ ಕಾಲಾಡಿಸ್ಕೊಂಡ್ ಬರ್ತೀನಿ," ಎಂದು ಅವಳು ಎದ್ದಳು. ಮೈದಾನದ ಅಂಚಿನಿಂದ ಪೈಪಿನ ದಾರಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಮೇಲೇರಿದಳು. ಅರ್ಧ ದಾರಿಯಲ್ಲಿ ಒಂದು ದಿಬ್ಬ. ಅದರ ಮೇಲೆ ಕೂತರೆ ಈ ಕಡೆ ಪೈಪಿನ ದಾರಿ, ಆ ಕಡೆ ಕೆಳಗೆ ಕೆಸರುಗುಂಡಿ, ಎರಡೂ ಅಂಗೈಯಲ್ಲಿದ್ದಂತೆ. ಇಲ್ಲಿ ಬಂದರೆ ಕಳ್ಳ, ಅಲ್ಲಿ ಕಂಡರೆ ಸಾಚಾ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು.

ಬೇರೆ ತಂಡದವರು ಒಬ್ಬೊಬ್ಬರಾಗಿ ಕೆಸರಿನಲ್ಲಿ ಹೂತು, ಬೈದು, ಎಳೆದಾಡಿಕೊಂಡು ದಾಟಿದರು. ಆಮೇಲೆ ಅವನು ಬಂದ. ಕೆಸರಿಗೆ ಹತ್ತು ಮಾರು ಇರುವಾಗಲೇ ಜಿಗಿದಿಳಿದು, ಸೈಕಲ್ಲನ್ನು ಎತ್ತಿ ಹೆಗಲಿಗೇರಿಸಿಕೊಂಡ. ಪಕ್ಕದ ಬಂಡೆಯ ಸಾಲು ಹಿಡಿದು ಮೇಕೆಯಂತೆ ಕುಪ್ಪಳಿಸುತ್ತ ಓಡಿ, ಆಚೆ ಇಳಿದು, ಮತ್ತೆ ಹತ್ತಿ ಹೋದ. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ. ಸೈಕಲ್ ಹೊತ್ತು ನಡೆಯಬಾರದು ಎಂದು ಯಾವ ನಿಯಮವೂ ಇರಲಿಲ್ಲ. ಆ ಉಪಾಯ ಇನ್ನಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಮೀಟರಕ್ಕನಿಗೆ ನಾಚಿಕೆಗಿಂತ ಮೊದಲು ಬಂದದ್ದು ನಿರಾಸೆ. ಅದನ್ನು ಅವಳೇ ಆಮೇಲೆ ಒಪ್ಪಿಕೊಂಡಳು. ಎದ್ದು ಸಪ್ಪೆಮುಖ ಹಾಕಿಕೊಂಡು ಕೆಳಗಿಳಿಯಬೇಕು ಎನ್ನುವಾಗ ಕಾಲಬುಡದ ಮಣ್ಣಿನಲ್ಲಿ ಒಂದು ಗುರುತು ಕಂಡಿತು. ಪೈಪಿನ ದಾರಿಯ ಉದ್ದಕ್ಕೂ ಮೇಲಿನಿಂದ ಕೆಳಗೆ ಒಂದೇ ಸೈಕಲ್ಲಿನ ಅಚ್ಚು. ಬಾಣದ ಮೊನೆಯಂಥ ಗೆರೆಗಳು, ಒಂದೊಂದೂ ತಿರುಗುಮುರುಗಾಗಿ ಗುಡ್ಡದ ನೆತ್ತಿಯ ಕಡೆ ನೋಡುತ್ತಿದ್ದವು.

ಆ ಟೈರನ್ನು ಕೊಂಡುಕೊಟ್ಟವಳು ಅವಳೇ. ಹೋದ ತಿಂಗಳು ತಮ್ಮ ಅದನ್ನು ಉಲ್ಟಾ ಕೂರಿಸಿದ್ದಕ್ಕೆ, "ಬಾಗಿಲಿಗೆ ಚಿಲಕ ಒಳಗೋ ಹೊರಗೋ ಅನ್ನೋದಾದ್ರೂ ಗೊತ್ತೇನೋ ನಿನಗೆ?" ಎಂದು ಮನೆಯವರೆಲ್ಲ ವಾರವಿಡೀ ಅವನ ಕಾಲೆಳೆದಿದ್ದರು. ಅವನು ಹಟಕ್ಕೆ ಹಾಗೇ ಬಿಟ್ಟಿದ್ದ.

ಅವಳು ಅಲ್ಲೇ ಕುಕ್ಕರಿಸಿದಳು. ಬೆರಳಿನಿಂದ ಗುರುತನ್ನು ಮುಟ್ಟಿದಳು. ಮೂವತ್ತೈದು ನಿಮಿಷ! ಚಪ್ಪಾಳೆ ತಟ್ಟಿದ ಕೈ ಅದೇ. ಕಾಲಿನಿಂದ ಉಜ್ಜಿಬಿಟ್ಟರೆ ಯಾರಿಗೂ ತಿಳಿಯದು ಎಂಬ ಯೋಚನೆಯೂ ಬಂದುಹೋಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಕೆಳಗಿನ ಮೈಕಿನಲ್ಲಿ ತಮ್ಮದೇ ತಂಡದ ಸಂಖ್ಯೆ ಕೂಗಿದಾಗಲೇ ಎಚ್ಚರ. ಅವಳ ಸರದಿ!

ಬಿದ್ದಂಬೀಳ ಓಡಿಬಂದರೆ ನಾದಿನಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಎಲ್ಲಿ ಸತ್ರಿ ಅತ್ತಿಗೆ? ಅವ್ರು ಬಂದು ನಿಮ್ಮನ್ನ ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ 'ಪರವಾಗಿಲ್ಲ, ನಾನೇ ಇನ್ನೊಂದು ಸುತ್ತು ಹೋಗ್ತೀನಿ' ಅಂತ ನೀರೂ ಕುಡೀದೆ ಹೋದ್ರು."

ಮೀಟರಕ್ಕ ನೇರ ಒಳಗೆ ಹೋದಳು. ಡೇರೆಯೊಳಗೆ ತಮ್ಮ ಚಾಪೆಯ ಮೇಲೆ ಗೋಡೆಯಂತೆ ತೂಗುತ್ತಿದ್ದ ಬಟ್ಟೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಪಕ್ಕ ಕೂತಳು. ಜೀವನದಲ್ಲಿ ಮೊದಲ ಸಲ ಸುತ್ತಿಬಳಸದೆ ಕೇಳಿದಳು.

"ಪೈಪಿನ ದಾರಿಲಿ ಇಳಿದ್ಯಾ?"

ಅವನು ಎದ್ದು ಕೂತ.

"ಎರಡನೇ ಸುತ್ತಲ್ಲಿ. ಒಂದೇ ಸಲ ಅಕ್ಕ. ಟ್ಯಾಂಕ್ ಹತ್ರ ಹೋಗೋಷ್ಟರಲ್ಲಿ ತಿಂದಿದ್ದೆಲ್ಲಾ ಕಕ್ಕಿಬಿಟ್ಟೆ. ಕಾಲು ನಡುಗ್ತಿತ್ತು. ಸೀದಾ ಕೆಳಗಿಳಿದು, ನನ್ ಕೈಲಾಗಲ್ಲ, ಈ ಸುತ್ತು ಬಿಟ್ಬಿಡಿ ಅಂತ ಹೇಳೋಣ ಅಂತಾನೇ ಇಳಿದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಕುಣೀತಿದ್ಯಲ್ಲಾ! ಊರಿಗೆಲ್ಲಾ ಕೇಳೋ ಹಾಗೆ ನನ್ ತಮ್ಮ ನನ್ ತಮ್ಮ ಅಂತ. ಆಮೇಲೆ ಹೇಗ್ ಹೇಳ್ಲಿ?"

ಬೇರೆಯವರಾಗಿದ್ದರೆ ಬಯ್ಯಲು ಅವಳ ಹತ್ತಿರ ಮಾತಿನ ಮೂಟೆಯೇ ಇತ್ತು. ಮನೆಯಲ್ಲಿ ಎಲ್ಲರ ಚಪ್ಪಲಿ ನೋಡಿದವಳು ಬೆಳಗಿನಿಂದ ಇವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ತುಟಿ ಬಿಳಿಚಿತ್ತು. ಉಪ್ಪು ಸಕ್ಕರೆ ಬೆರೆಸಿದ ನೀರಿನ ಬಾಟಲಿಯನ್ನು ಅವನ ಕೈಗಿಟ್ಟು, ಅವನು ಕುಡಿದು ಮುಗಿಸುವವರೆಗೂ ಅಲ್ಲೇ ಕೂತಿದ್ದಳು.

ಮೂರು ಗಂಟೆಗೆ ಕನ್ನಡಕದವನು ಬಂದ. ಇಳಿಯುವಾಗ ಕಾಲು ಸೋತು ಸೈಕಲ್ಲಿನ ಮೇಲೆಯೇ ವಾಲಿದ. ಒಂದರ ಹಿಂದೊಂದು ಎರಡು ಸುತ್ತು, ಸುಡುಬಿಸಿಲು. ಆದರೂ ಮೊದಲು ಕೇಳಿದ್ದು, "ಏನಾಯ್ತು ಮೇಡಂ? ಹುಷಾರಿದ್ದೀರಾ?"

ಹೊಟ್ಟೆನೋವು ಎಂದಿದ್ದರೆ ಮುಗಿಯುತ್ತಿತ್ತು. ನಾದಿನಿಯ ಎದುರಿಗೇ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. "ನಿಮ್ಮನ್ನ ಹಿಡಿಯೋಕೆ ಹೋಗಿದ್ದೆ. ನೀವು ಅಡ್ಡದಾರಿ ಹಿಡೀತಿದ್ದೀರಾ ಅಂದ್ಕೊಂಡಿದ್ದೆ. ಆ ದಾರಿ ಹಿಡಿದಿದ್ದು ನನ್ನ ತಮ್ಮ."

ಅವನು ಬಗ್ಗಿ ಕಾಲಿನ ಪಟ್ಟಿ ಬಿಚ್ಚಿದ. ಬಿಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ. "ಬಂಡೆ ಮೇಲೆ ಹೊತ್ಕೊಂಡು ಹೋದ್ರೆ ಸಲೀಸು ಅಂತ ಹೇಳೋಕ್ ಬಂದೆ ನಾನು. ನೀವು ಚಕ್ರ ನೋಡ್ತಿದ್ರಿ," ಎಂದ. ಪಟ್ಟಿ ಅವಳ ಕೈಗೆ ಬಂತು. ತಮ್ಮನ ಕಡೆ ತಿರುಗಿ, "ಹೊಟ್ಟೆ ಈಗ ಹೇಗಿದೆ?" ಎಂದು ಮಾತ್ರ ಕೇಳಿದ.

ಅವಳು ಹೊರಟಳು. ಕೆಸರಿನ ಹತ್ತಿರ ತಾನೂ ಸೈಕಲ್ ಹೊತ್ತು ಬಂಡೆ ಹತ್ತಲು ಹೋದಳು. ಎರಡನೇ ಬಂಡೆಯಲ್ಲೇ ಕಾಲು ಜಾರಿ, ಪೆಡಲು ಬೆನ್ನಿಗೆ ಬಡಿದು, ಅಂಗಾತ ಕೆಸರಿಗೆ ಬಿದ್ದಳು. ನೋಡಿದಷ್ಟು ಸುಲಭವಿರಲಿಲ್ಲ ಅದು. ಬಾಯಲ್ಲಿದ್ದ ಮಣ್ಣು ಉಗಿದು, ಎದ್ದು, ಮತ್ತೆ ತುಳಿದಳು.

ಅವಳು ಮರಳುವಷ್ಟರಲ್ಲಿ ತಮ್ಮ ತೀರ್ಪುಗಾರರ ಮೇಜಿಗೆ ಹೋಗಿ ಹೇಳಿಬಂದಿದ್ದ. ಒಬ್ಬನೇ ಹೋಗಲಿಲ್ಲ, ಕನ್ನಡಕದವನು ಕುಂಟುತ್ತ ಜೊತೆಗೆ ಹೋಗಿದ್ದ ಎಂದು ನಾದಿನಿ ಹೇಳಿದಳು. ಕೊರಳಿಗೆ ಸೀಟಿ ತೂಗಿಸಿಕೊಂಡಿದ್ದ ಹೆಂಗಸು ಎಲ್ಲ ಕೇಳಿ, ತಂಡವನ್ನು ಹೊರಗೆ ಹಾಕದೆ ಒಂದು ಸುತ್ತು ಹೊಡೆದುಹಾಕಿದಳಂತೆ. ತಮ್ಮ ತನ್ನ ಕೊನೆಯ ಸುತ್ತನ್ನು ಐವತ್ತು ನಿಮಿಷಕ್ಕೆ, ಕ್ವಾರಿ ಬಳಸಿ, ಕತ್ತಿನವರೆಗೆ ಕೆಸರಾಗಿ ಮುಗಿಸಿದ. ಮೂರನೇ ಸ್ಥಾನದಲ್ಲಿದ್ದವರು ಆರಕ್ಕೆ ಸೀಟಿ ಊದುವಾಗ ಆರನೆಯವರಾಗಿದ್ದರು.

ಸೈಕಲ್ಲುಗಳನ್ನು ತಮ್ಮನ ವ್ಯಾನಿನ ಮೇಲೆ ಕಟ್ಟುವಾಗ ಕನ್ನಡಕದವನು, "ನಾನು ಬಸ್ಸಿಗೆ ಬರ್ತೀನಿ, ಇಲ್ಲಿ ಒಬ್ಬರನ್ನ ನೋಡೋದಿದೆ," ಎಂದ. ಆ ಗುಡ್ಡದ ಬುಡದಲ್ಲಿ ಅವನಿಗೆ ನೋಡಬೇಕಾದವರು ಯಾರಿದ್ದರು? ಸುಳ್ಳು ಎಂದು ಮೀಟರಕ್ಕನಿಗೆ ಗೊತ್ತಾಯಿತು. ಈ ಸಲ ಅವಳ ಊಹೆ ಸರಿಯಾಗಿಯೇ ಇತ್ತು. ಅದರಿಂದ ಒಂದಿಷ್ಟೂ ಸಮಾಧಾನವಾಗಲಿಲ್ಲ.

ಮುಂದಿನ ವಾರ ಅವನ ಅಂಗಡಿಯ ಮುಂದೆ ಮೂರು ಸಲ ಸೈಕಲ್ಲಿನಲ್ಲಿ ಹಾದುಹೋದಳು. ನಾಲ್ಕನೇ ಸಲ ಇಳಿದು ಒಳಗೆ ಹೋದಳು. ಅವನು ದೀಪದ ಕೆಳಗೆ ಯಾರದೋ ಕನ್ನಡಕದ ಸಾಸಿವೆಯಷ್ಟು ಸಣ್ಣ ತಿರುಪು ಕೂರಿಸುತ್ತಿದ್ದ.

"ಬಸ್ಸಿಗೆ ಹೋಗಿದ್ದು ನನ್ನ ಮೇಲಿನ ಸಿಟ್ಟಿಗೇ ಅಲ್ವಾ?"

"ಹೌದು," ಎಂದ ಅವನು, ತಲೆಯೆತ್ತದೆ. "ವ್ಯಾನಲ್ಲಿ ಎರಡು ಗಂಟೆ ನಿಮ್ಮ ಪಕ್ಕ ಕೂರೋಕೆ ನನ್ನಿಂದ ಆಗ್ತಿರ್ಲಿಲ್ಲ."

"ಈಗ್ಲೂ ಇದೆಯಾ ಸಿಟ್ಟು?"

"ಇದೆ. ಕೂತ್ಕೊಳ್ಳಿ. ಈ ತಿರುಪು ಬಿದ್ರೆ ಸಿಗಲ್ಲ, ಅಲ್ಲಾಡಬೇಡಿ."

ಅವಳು ಸ್ಟೂಲಿನ ಮೇಲೆ ಕೂತು, ಉಸಿರು ಬಿಗಿಹಿಡಿದು, ಅವನ ಕೈಯನ್ನೇ ನೋಡತೊಡಗಿದಳು.